ತೊಳೆದಿಟ್ಟ ಎಂಟು ಕುರಿಗಳು

ಆ ಟಗರು ಬಂದದ್ದು ಶಾಲೆಯ ಬಸ್ಸಿನಲ್ಲಿ. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಕೊನೆಯ ಸೀಟಿನ ಮುಂದೆ ಗೋಣಿಚೀಲ ಹಾಸಿ, ಎರಡು ಸೀಟಿನ ಕಾಲುಗಳಿಗೆ ಹಗ್ಗ ಬಿಗಿದು, ನಡುವೆ ಅದನ್ನು ನಿಲ್ಲಿಸಿದ್ದರು. ತಲೆಯ ಮೇಲೆ ನಾಲ್ಕು ಕೊಂಬು. ಎರಡು ನೆಟ್ಟಗೆ ಆಕಾಶ ನೋಡುತ್ತಿದ್ದವು, ಇನ್ನೆರಡು ಕಿವಿಯ ಪಕ್ಕದಿಂದ ಬಾಗಿ ಕೆನ್ನೆಯ ಕಡೆ ತಿರುಗಿದ್ದವು. ಎರಡು ಗಂಟೆಯ ದಾರಿಯುದ್ದಕ್ಕೂ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ಬಂದವಳು ಡ್ರೈವರನ ಹೆಂಡತಿ. ಬ್ರೇಕು ಬಿದ್ದಾಗಲೆಲ್ಲ ಅವಳು ಟಗರಿನ ಕುತ್ತಿಗೆ ತಬ್ಬಿಕೊಳ್ಳುತ್ತಿದ್ದಳು, ಮುಂದೆ ಕೂತ ಗಂಡನಿಗೆ, "ರೀ, ಸ್ವಲ್ಪ ಮೆಲ್ಲಗೆ. ಅಳಿಯಂದಿರು ಇದ್ದಾರೆ ಬಸ್ಸಲ್ಲಿ," ಎನ್ನುತ್ತಿದ್ದಳು.

ಅಂದಿನಿಂದ ಮನೆಯಲ್ಲಿ ಆ ಟಗರಿಗೆ ಅಳಿಯ ಎಂದೇ ಹೆಸರಾಯಿತು.

ಅವಳನ್ನು ಬೀದಿಯವರು ಎದುರಿಗೆ ಅಕ್ಕ ಅನ್ನುತ್ತಿದ್ದರು, ಹಿಂದಿನಿಂದ ಕೊಂಬಿನಕ್ಕ. ಮದುವೆಯಾದ ಹೊಸದರಲ್ಲಿ ಅವಳು ಸ್ವೆಟರ್ ಮಿಲ್ಲಿನಲ್ಲಿ ಉಣ್ಣೆ ಆರಿಸುತ್ತಿದ್ದಳು. ಬಿಳಿ ಒಂದು ಕಡೆ, ಬೂದು ಒಂದು ಕಡೆ, ಕಸ ಇನ್ನೊಂದು ಕಡೆ. ಒಂದು ದಿನ ಚೀಲ ಬಿಚ್ಚಿದರೆ ಹುರಿದ ಕಾಫಿಬೀಜದ ಬಣ್ಣದ ಉಣ್ಣೆ. ಬಣ್ಣ ಹಾಕಿದ್ದಲ್ಲ, ಹುಟ್ಟಿದ ಬಣ್ಣ. ಮೇಸ್ತ್ರಿ ನೋಡಿ, "ಇದಕ್ಕೆ ಬೇರೆ ಬಣ್ಣ ಹತ್ತಲ್ಲ, ಕಸಕ್ಕೆ ಹಾಕು," ಅಂದ. ಅವಳು ಕಸಕ್ಕೆ ಹಾಕಲಿಲ್ಲ. ಚೀಲದ ಮೇಲಿನ ವಿಳಾಸ ಹಿಡಿದು ಹೋದಳು. ಅಲ್ಲೊಬ್ಬ ಮುದುಕಿ, ಅವಳ ಹತ್ತಿರ ಐದು ಕುರಿ, ಒಂದೊಂದಕ್ಕೂ ನಾಲ್ಕು ಕೊಂಬು. "ನನ್ನ ಕಾಲ ಮುಗೀತಮ್ಮ, ಕಸಾಯಿಯವನಿಗೆ ಹೇಳಿ ಕಳಿಸಿದ್ದೀನಿ," ಅಂದಳು ಮುದುಕಿ. ಕಸಾಯಿಯವನು ಬರುವುದಕ್ಕೆ ಮುಂಚೆ ಇವಳು ಹೊಡೆದುಕೊಂಡು ಬಂದುಬಿಟ್ಟಳು.

ಅದಾಗಿ ಹನ್ನೆರಡು ವರ್ಷ. ಊರಂಚಿನ ಎರಡೆಕರೆಯಲ್ಲಿ ಈಗ ಹದಿನಾಲ್ಕು ಹೆಣ್ಣು ಕುರಿ, ಒಂದು ಟಗರು. ಆ ಟಗರಿಗೆ ಪೈಲ್ವಾನ ಅಂತ ಹೆಸರು. ಹದಿನಾಲ್ಕಕ್ಕೂ ಅವನೇ ಅಪ್ಪ, ಕೆಲವಕ್ಕೆ ಅಪ್ಪನೂ ಹೌದು, ಅಜ್ಜನೂ ಹೌದು. ತೊಂದರೆ ಶುರುವಾದದ್ದೇ ಅಲ್ಲಿ. ಮರಿಗಳು ಸಣ್ಣಗಾಗುತ್ತಾ ಬಂದವು. ಹುಟ್ಟಿದ ಮೂರರಲ್ಲಿ ಒಂದು ಉಳಿಯುತ್ತಿರಲಿಲ್ಲ.

ಅಪರೂಪದ ತಳಿಗಳಿಗೆ ಸರ್ಕಾರದಲ್ಲೊಂದು ವಂಶಪುಸ್ತಕ ಇತ್ತು. ಅದರಲ್ಲಿ ನಾಲ್ಕು ಕೊಂಬಿನ ಕುರಿಗೆ ಸಿಕ್ಕಿದ್ದು ಒಂದೂವರೆ ಪುಟ, ಒಟ್ಟು ಮೂರು ಮಂದೆ. ಇವಳದೊಂದು. ಎರಡನೆಯದು ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನದು. ಮೂರನೆಯವರಿಗೆ ಎಷ್ಟು ಪತ್ರ ಬರೆದರೂ ಉತ್ತರವಿಲ್ಲ. ಹೋದ ವರ್ಷ ಪುಸ್ತಕದ ಸಾಹೇಬರಿಂದ ಅವಳಿಗೆ ಕಾಗದ ಬಂದಿತ್ತು: ಹೊರಗಿನ ಟಗರಿಗೇ ಹುಟ್ಟಿದ್ದೆಂದು ಖಚಿತವಾದ ಒಂದು ಮರಿಯಾದರೂ ಬರುವ ವರ್ಷದೊಳಗೆ ದಾಖಲಾಗದಿದ್ದರೆ ಮಂದೆಯ ಹೆಸರನ್ನು ತೆಗೆದುಹಾಕಲಾಗುವುದು. ಪುಸ್ತಕದಿಂದ ಹೊರಬಿದ್ದ ಮಂದೆಗೆ ಯಾರೂ ಟಗರು ಕೊಡುವುದಿಲ್ಲ, ಅದರ ಮರಿ ಸಾಕಲಿಕ್ಕೆ ಒಯ್ಯುವುದಿಲ್ಲ. ಒಯ್ಯುವವನು ಕಸಾಯಿಯವನೊಬ್ಬನೇ.

ಗಡಿಯಾರದಜ್ಜ ನಾಲ್ಕು ವರ್ಷ ಬೇಡಿಸಿಕೊಂಡು, ಐದನೆಯ ವರ್ಷಕ್ಕೆ ಟಗರು ಕೊಟ್ಟ. ಅದೂ ಮೂರು ವಾರಕ್ಕೆ. "ಎಂಟು ಕುರಿ. ಒಂಬತ್ತನೇದು ಅವನ ಹತ್ತಿರ ಸುಳೀಬಾರದು. ಅವನಿಗೂ ವಯಸ್ಸಾಗಿದೆ, ನನಗೂ ಆಗಿದೆ."

ಇವಳು ಎಂಟು ಎಳೆ ಕುರಿಗಳನ್ನು ಆರಿಸಿ ಅಳಿಯನ ಜೊತೆ ಬೇಲಿಯೊಳಗಿನ ಹುಲ್ಲುಗಾವಲಿಗೆ ಬಿಟ್ಟಳು. ಉಳಿದ ಆರು ಪೈಲ್ವಾನನ ಜೊತೆ ಹಿತ್ತಲ ದೊಡ್ಡಿಯಲ್ಲಿ. ಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನು ಟಗರುಗಳ ಎದೆಗೆ ಮೆತ್ತಿದಳು: ಅಳಿಯನಿಗೆ ಹಳದಿ, ಪೈಲ್ವಾನನಿಗೆ ನೀಲಿ. ಟಗರು ಯಾವ ಕುರಿಯನ್ನು ಸೇರಿತೋ ಅದರ ಬೆನ್ನಿನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ದಿನಾ ಬೆಳಿಗ್ಗೆ ಕಿವಿಯ ನಂಬರು ನೋಡಿ ಬರೆದುಕೊಂಡರೆ ಮುಗಿಯಿತು. ಮನೆಯಲ್ಲಿ ಬಣ್ಣದ ಕೆಲಸ ನಡೆದದ್ದು ಅದೇ ಮೊದಲ ಸಲ. ಒಂದೇ ಟಗರು ಇದ್ದಾಗ ಅಪ್ಪ ಯಾರೆಂಬ ಪ್ರಶ್ನೆಯೇ ಬರುತ್ತಿರಲಿಲ್ಲ.

ಗಂಡನಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಅತ್ತೆಗೆ ಹೇಳಿರಲಿಲ್ಲ. ಟಗರು ಯಾವ ಕುರಿಯ ಬೆನ್ನೇರಿತು, ಎಷ್ಟು ಸಲ ಏರಿತು ಅನ್ನುವುದನ್ನು ಅತ್ತೆಯ ಮುಂದೆ ಬಾಯಿ ಬಿಟ್ಟು ಹೇಳುವುದು ಹೇಗೆ? "ಏನೇ ಅದು ಹಳದಿ?" ಅಂತ ಅತ್ತೆ ಕೇಳಿದಾಗ, "ಔಷಧಿ ಅತ್ತೆ," ಅಂದು ತಪ್ಪಿಸಿಕೊಂಡಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಪೈಲ್ವಾನ ದೊಡ್ಡಿಯ ಬಾಗಿಲನ್ನು ಕೀಲು ಸಮೇತ ಕಿತ್ತುಕೊಂಡು ಹೊರಬಿದ್ದ. ಅವಳು ಪೇಟೆಯಿಂದ ಹಿಂಡಿ ಹೊತ್ತು ಬರುವಷ್ಟರಲ್ಲಿ ಹುಲ್ಲುಗಾವಲಿನಲ್ಲಿ ಯುದ್ಧ ಮುಗಿದಿತ್ತು. ಬೇಲಿಯ ತಂತಿ ನೆಲ ಹಿಡಿದಿತ್ತು. ಅಳಿಯನ ನೆಟ್ಟಗಿನ ಕೊಂಬೊಂದು ಬುಡದಲ್ಲಿ ಮುರಿದು ಚರ್ಮದಲ್ಲಿ ನೇತಾಡುತ್ತಿತ್ತು, ರಕ್ತ ಕಣ್ಣಿಗಿಳಿದು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಪೈಲ್ವಾನ ಮಾತ್ರ ಏನೂ ಆಗದವನ ಹಾಗೆ ಕುರಿಗಳ ನಡುವೆ ಓಡಾಡುತ್ತಿದ್ದ.

ಅವಳು ಮೊದಲು ಪೈಲ್ವಾನನನ್ನು ಎಳೆದು ಕೊಟ್ಟಿಗೆಗೆ ಕೂಡಿ, ತೊಟ್ಟ ಸ್ವೆಟರನ್ನೇ ಬಿಚ್ಚಿ ಅಳಿಯನ ತಲೆಗೆ ಸುತ್ತಿದಳು. ದನದ ಡಾಕ್ಟರ ಹತ್ತಿರ ಒಯ್ಯಲು ಓಡಿ ಹೋಗಿ ಪಕ್ಕದ ಇಟ್ಟಿಗೆಯವನ ಗಾಡಿ ಕರೆದಳು. ಹೊರಡುವಾಗ ಕುರಿಗಳ ಕಡೆ ಕಣ್ಣು ಹಾಯಿಸಿದಳು. ಕೆಲವು ಬೆನ್ನು ನೀಲಿ, ಕೆಲವು ಹಸಿರು. ಹಸಿರು ಅಂದರೆ ಎರಡೂ ಟಗರು ಸೇರಿದ್ದು, ಅಂದರೆ ಲೆಕ್ಕಕ್ಕಿಲ್ಲದ್ದು. ಆದರೆ ಮೂರು ಬೆನ್ನು ಅಚ್ಚ ಹಳದಿ. ಮೂರು. ಅಷ್ಟು ಸಾಕು. ನಂಬರು ಬರೆದುಕೊಳ್ಳೋಣವೆಂದರೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ, ಸ್ವೆಟರು ರಕ್ತದಲ್ಲಿ ತೊಯ್ದು ಹೋಗುತ್ತಿತ್ತು.

ಬಸ್ಸು ನಿಲ್ಲಿಸಿ ಊಟಕ್ಕೆ ಬಂದಿದ್ದ ಗಂಡನಿಗೆ ಕೂಗಿ ಹೇಳಿದಳು: "ಕುರಿಗಳನ್ನ ಯಾರೂ ಮುಟ್ಟೋದು ಬೇಡ ರೀ. ಬಂದು ಬರ್ಕೋತೀನಿ."

"ಯಾರು ಮುಟ್ತಾರೆ ಅವನ್ನ," ಅಂದ ಗಂಡ. ಉಂಡು, ಕೈ ತೊಳೆದು, ಬಸ್ಸಿಗೆ ಹೋದ.

ಇನ್ನು ಅತ್ತೆಯ ವಿಷಯ. ಅತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಕಲೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಆವತ್ತು ಹೊರಗೆ ಬಂದು ನೋಡಿದರೆ ಎಂಟು ಕುರಿಗಳ ಮೈ ಮೇಲೂ ರಕ್ತ, ಎಣ್ಣೆ, ಬಣ್ಣ. ನಾಳೆ ಬೆಳಿಗ್ಗೆ ಪುಸ್ತಕದ ಸಾಹೇಬರು ತಪಾಸಣೆಗೆ ಬರುವವರಿದ್ದಾರೆ. ಸೊಸೆ ಗಾಯದ ಟಗರು ಹಿಡಿದು ಒದ್ದಾಡುತ್ತಿದ್ದಾಳೆ, ಪಾಪ. ಅತ್ತೆ ಸೆರಗು ಸಿಕ್ಕಿಸಿಕೊಂಡಳು. ರಕ್ತಕ್ಕೆ ತಣ್ಣೀರು, ಎಣ್ಣೆಗೆ ಬಿಸಿನೀರು, ಬಣ್ಣಕ್ಕೆ ಸೋಡಾ. ಒಂದೊಂದನ್ನೇ ಕಂಬಕ್ಕೆ ಕಟ್ಟಿ, ಎರಡೆರಡು ಸಲ ಉಜ್ಜಿ, ಮೂರನೆಯ ಸಲ ಜಾಲಿಸಿದಳು. ವಯಸ್ಸು ಅರವತ್ತೆಂಟು. ಎಂಟು ಕುರಿ. ಅರ್ಧ ದಿನದ ದುಡಿಮೆ.

ಸಂಜೆ ಹಣೆಗೆ ಪಟ್ಟಿ ಕಟ್ಟಿದ ಅಳಿಯನನ್ನು ಇಳಿಸಿಕೊಂಡು ಸೊಸೆ ಬಂದಾಗ, ಬಿಸಿಲ ಕೊನೆಯಲ್ಲಿ ಎಂಟು ಕುರಿಗಳು ಸಾಲಾಗಿ ನಿಂತು ಮೈ ಒಣಗಿಸಿಕೊಳ್ಳುತ್ತಿದ್ದವು. ಹನ್ನೆರಡು ವರ್ಷದಲ್ಲಿ ಅವು ಅಷ್ಟು ಚೆಂದ ಕಂಡಿರಲಿಲ್ಲ.

"ಅತ್ತೆ, ಬಣ್ಣ ಎಲ್ಲಿ?"

"ಹೋಯ್ತು," ಅಂದಳು ಅತ್ತೆ ಹೆಮ್ಮೆಯಿಂದ. "ಸುಲಭಕ್ಕೆ ಹೋಗಲಿಲ್ಲ. ಆ ನೀಲಿ ಇದೆಯಲ್ಲ, ಜೀವ ತಿಂತು."

ಸೊಸೆ ಅಲ್ಲೇ ಬಕೆಟ್ಟಿನ ಪಕ್ಕ ಕೂತುಬಿಟ್ಟಳು. ಬಕೆಟ್ಟಿನ ನೀರು ನೋಡಿದಳು. ಅದೂ ಹಸಿರಾಗಿತ್ತು. ಆಮೇಲೆ ಎದ್ದು ಒಂದೊಂದು ಕುರಿಯ ಬೆನ್ನಿನ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಬುಡದವರೆಗೂ ಹುಡುಕಿದಳು. ಒಂದು ಕಣ ಬಣ್ಣವಿಲ್ಲ. ಆಸ್ಪತ್ರೆಯ ಕೈ ಅದು.

"ಏನಾಯ್ತು ಹೇಳಬಾರದಾ?" ಅಂದಳು ಅತ್ತೆ.

ಈಗ ಹೇಳಲೇಬೇಕಾಯಿತು. ನಾಚಿಕೆ ಬಿಟ್ಟು, ಗೋಡೆ ನೋಡಿಕೊಂಡು, ಎಲ್ಲ ಹೇಳಿದಳು. ಅತ್ತೆ ಕೇಳಿ, ಒದ್ದೆ ಕೈಯನ್ನು ಸೀರೆಗೆ ಒರೆಸುತ್ತಾ, "ಔಷಧಿ ಅಂದೆಯಲ್ಲೇ," ಅಂದಳು. ಅಷ್ಟು ಅಂದು ಒಳಗೆ ಹೋದಳು.

ಆ ರಾತ್ರಿ ಸೊಸೆ ಟಾರ್ಚು ಹಿಡಿದು ಎಂಟೂ ಬೆನ್ನನ್ನು ಮತ್ತೊಮ್ಮೆ ಹುಡುಕಿದಳು.

ಪುಸ್ತಕದ ಸಾಹೇಬರು ಮೆಲುದನಿಯ ಮನುಷ್ಯ. ಸದಾ ನೆಗಡಿ, ಕೈಯಲ್ಲಿ ಕರ್ಚೀಫು. ಬಂದವರು ಕುರಿಗಳನ್ನು ನೋಡಿ, "ಚೆನ್ನಾಗಿ ಇಟ್ಟಿದ್ದೀರಮ್ಮ," ಅಂದರು. ಅತ್ತೆ ಕಿಟಕಿಯ ಹಿಂದೆ ಸರಿದಳು. ಸಾಹೇಬರು ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು. "ಹೊಸ ಟಗರು ಸೇರಿದ್ದು ಯಾವ ಯಾವ ನಂಬರು?"

ಹಿಂದಿನ ದಿನ ಬೆಳಿಗ್ಗೆಯ ಬರಹ ಅವಳ ಹತ್ತಿರ ಇತ್ತು, ಅದರಲ್ಲಿ ಆರು ಹಳದಿ ಇದ್ದವು. ಅವುಗಳಲ್ಲಿ ಮೂರು ಮಧ್ಯಾಹ್ನದ ಹೊತ್ತಿಗೆ ಹಸಿರಾಗಿದ್ದವು. ಯಾವ ಮೂರು? ಪಕ್ಕದಲ್ಲಿ ನಿಂತ ಗಂಡ ಮೊಣಕೈಯಿಂದ ತಿವಿದ. "ಯಾವುದೋ ಮೂರು ಹೇಳೇ. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ತೊಟ್ಟು ರಕ್ತ ಕೊಟ್ಟರೆ ಅಪ್ಪ ಯಾರೆಂದು ಹೇಳುವ ಯಂತ್ರಗಳು ಬರುವ ಮುಂಚಿನ ಮಾತಿದು. ಅವಳ ನಾಲಿಗೆಯ ತುದಿಯಲ್ಲಿ ಮೂರು ನಂಬರು ಕೂತಿದ್ದವು. ಆದರೆ ಪೈಲ್ವಾನನ ಮರಿಯೇ ಅಳಿಯನ ಹೆಸರಲ್ಲಿ ಪುಸ್ತಕ ಸೇರಿ, ಅದೇ ಟಗರಾಗಿ ಬೆಳೆದು, ಮತ್ತೆ ತನ್ನ ಅಕ್ಕತಂಗಿಯರನ್ನೇ ಸೇರಿದರೆ? ಹತ್ತು ವರ್ಷಕ್ಕೆ ಪುಸ್ತಕದಲ್ಲಿ ತಳಿ ಇರುತ್ತದೆ, ದೊಡ್ಡಿಯಲ್ಲಿ ಇರುವುದಿಲ್ಲ.

"ಗೊತ್ತಿಲ್ಲ ಸರ್. ಬಣ್ಣ ಹೋಗಿಬಿಟ್ಟಿದೆ."

"ಒಂದೂ ಗೊತ್ತಿಲ್ವಾ?"

"ಮೂರು ಇದ್ದವು. ಯಾವುದು ಅಂತ ಗೊತ್ತಿಲ್ಲ."

ಸಾಹೇಬರು ಮೂಗೊರೆಸಿಕೊಂಡು ಎಂಟು ಸಾಲಿನಲ್ಲೂ ಒಂದೇ ಮಾತು ಬರೆದರು: ತಂದೆ ಗೊತ್ತಿಲ್ಲ. ಬರೆದು ಮುಗಿಸಿ ಅಂದರು, "ನೋಡಿಮ್ಮ, ನಿಯಮ ನನ್ನದಲ್ಲ. ಈ ಎಂಟರಲ್ಲಿ ಗಬ್ಬ ನಿಲ್ಲದ್ದು ಯಾವುದಾದರೂ ಇದ್ದರೆ ಹದಿನೇಳು ದಿನಕ್ಕೆ ಮತ್ತೆ ಬೆದೆಗೆ ಬರುತ್ತೆ. ಆಗ ಆ ಟಗರಿನ ಜೊತೆ ಅದೊಂದನ್ನೇ ಕೂಡಿ. ಟಗರಿನ ಯಜಮಾನರು ಕಣ್ಣಾರೆ ಕಂಡು ಸಹಿ ಹಾಕಿ ಕೊಡಲಿ. ಬರ್ಕೋತೀನಿ."

ಅದೇ ದಿನ ಸುದ್ದಿ ತಿಳಿದು ಗಡಿಯಾರದಜ್ಜ ಬಂದು ಟಗರನ್ನು ಹಿಡಿದುಕೊಂಡು ಹೋದ. ಮುರಿದ ಕೊಂಬನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ಬೀಗರ ಮನೆಯ ಉಪಚಾರ ಚೆನ್ನಾಗಾಯ್ತು," ಅಂದು ಗಾಡಿ ಹತ್ತಿದ.

ಆಮೇಲೆ ಕಾಯುವುದು. ಕೊಟ್ಟಿಗೆಯ ಗೋಡೆಯ ಆಚೆ ಪೈಲ್ವಾನ ಬಂಧನದಲ್ಲಿ. ಬೆದೆಗೆ ಬಂದ ಕುರಿ ತಾನಾಗೇ ಹೋಗಿ ಆ ಗೋಡೆಗೆ ಮೈ ತಿಕ್ಕಿ ಬಾಲ ಆಡಿಸುತ್ತದೆ. ಅಳಿಯ ಬಂದ ದಿನದಿಂದ ಎಣಿಸಿ, ಹದಿನೈದನೆಯ ದಿನದಿಂದ ಅವಳು ಅಲ್ಲೇ ಮಣೆ ಹಾಕಿಕೊಂಡು ಕೂತಳು. ತನ್ನ ಕುರಿಗಳು ಗಬ್ಬ ನಿಲ್ಲದೆ ಹೋಗಲಿ ಅಂತ ಹಾರೈಸುವ ಗತಿ ಬಂತಲ್ಲ ಎಂದು ಅವಳಿಗೆ ಉರಿಯುತ್ತಿತ್ತು. ಹದಿನಾರು ಹೋಯಿತು. ಹದಿನೇಳು ಹೋಯಿತು. ಎಲ್ಲ ಎಂಟೂ ನೆಮ್ಮದಿಯಾಗಿ ಮೇಯುತ್ತಿದ್ದವು. ಹದಿನೆಂಟನೆಯ ಬೆಳಿಗ್ಗೆ ಹನ್ನೊಂದನೆಯ ನಂಬರು ಗೋಡೆಯ ಹತ್ತಿರ ನಿಂತಿತ್ತು. ಇಡೀ ಮಂದೆಯಲ್ಲೇ ಜಗಳಗಂಟಿ, ಮರಿಗೆ ಹಾಲು ಕೊಡದೆ ಒದೆಯುವಂಥದ್ದು. ಇರಲಿ, ಅದೊಂದೇ ಬಂದದ್ದು.

ಅದು ಬುಧವಾರ. ಕುರಿಯ ಬೆದೆ ಹೆಚ್ಚೆಂದರೆ ಒಂದೂವರೆ ದಿನ. ಗಂಡ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿದವನೇ ಬಸ್ಸು ತಂದ. ಮೂರೂವರೆಗೆ ಮತ್ತೆ ಶಾಲೆಯ ಗೇಟಿನಲ್ಲಿರಬೇಕು. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ಕುರಿಯನ್ನು ಹತ್ತಿಸಿ ತಿರುಗಿದರೆ, ಅತ್ತೆ ಚಪ್ಪಲಿ ಮೆಟ್ಟಿಕೊಂಡು ಮೊದಲ ಸೀಟಿನಲ್ಲಿ ಕೂತಿದ್ದಳು.

"ನೀವು ಯಾಕೆ ಅತ್ತೆ?"

"ಸುಮ್ನೆ ಬಸ್ಸು ಬಿಡಿಸು."

ಗಡಿಯಾರದಜ್ಜನ ಅಂಗಡಿ ಒಂದು ಬಾಗಿಲಿನ ಕೋಣೆ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಸಣ್ಣ ಚಕ್ರ ಕೂರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಅಜ್ಜ, ನಿಮ್ಮ ಟಗರು ನಮ್ಮ ಮನೆಗೆ ಬರೋದು ಬೇಡ. ಕುರೀನೇ ತಂದಿದ್ದೀವಿ. ಒಂದೇ ಕುರಿ."

"ಮಿಕ್ಕ ಮೂರು ಕೊಂಬು ಮುರಿಸೋದಕ್ಕಾ?"

"ಹೊತ್ತು ಮೀರ್ತಾ ಇದೆ ಅಜ್ಜ. ಗಂಟೆ ಎಷ್ಟಾಯ್ತು ನೋಡಿ."

"ಯಾವುದರಲ್ಲಿ ನೋಡ್ಲಿ?"

ಗಂಡ ಹೊರಗೆ ಬಸ್ಸಿನ ಸುತ್ತ ತಿರುಗುತ್ತಿದ್ದ. ಅವಳು ಗೋಡೆಯ ಗಡಿಯಾರಗಳನ್ನು ನೋಡಿದಳು. ಹನ್ನೆರಡು ವರ್ಷ, ಕಾಗದಗಳು, ಕಾಯುವಿಕೆ, ಈಗ ಈ ಅಜ್ಜನ ಚಕ್ರ. ಅಷ್ಟರಲ್ಲಿ ಅತ್ತೆ ಮುಂದೆ ಬಂದು ಮೇಜಿನ ಅಂಚು ಹಿಡಿದು ನಿಂತಳು.

"ಒಗೆದವಳು ನಾನು. ನಿಮ್ಮ ಟಗರಿನ ಗುರುತೆಲ್ಲ ಅಳಿಸಿಹಾಕಿದೆ. ಇವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಕೊಂಬು ಮುರಿದದ್ದು ಆ ಪೈಲ್ವಾನ. ಬೈಯೋದಿದ್ರೆ ನನ್ನನ್ನೂ ಅವನನ್ನೂ ಬೈಯಿರಿ. ಇವಳು ಸಾಹೇಬರ ಮುಂದೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ."

ಅಜ್ಜ ಭೂತಗನ್ನಡಿ ತೆಗೆದು ಮೊದಲ ಸಲ ಅವರನ್ನು ನೋಡಿದ. "ಕುರೀನ ತೊಳೆದ್ರಾ? ಸೋಪು ಹಾಕಿ?"

"ಸೋಡಾ."

ಅಜ್ಜನ ಭುಜ ಕುಣಿಯಿತು. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಎದ್ದು, ಬಾಗಿಲಿಗೆ ಬೀಗ ಹಾಕಿ, ಹಿತ್ತಲ ಕಡೆ ನಡೆದ.

ಅಳಿಯನೂ ಹನ್ನೊಂದನೆಯ ನಂಬರೂ ಒಂದೇ ಕಟಕಟೆಯಲ್ಲಿ ನಿಂತರು. ಅಳಿಯ ಹುಲ್ಲು ತಿಂದ. ಕುರಿ ಬಾಲ ಆಡಿಸಿತು. ಅಳಿಯ ಮತ್ತೆ ಹುಲ್ಲು ತಿಂದ. ಮೂರು ಕೊಂಬಿನ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ತುಂಬಾ ಯೋಚನೆಯಲ್ಲಿರುವವನ ಹಾಗೆ ಕಂಬ ನೋಡುತ್ತಾ ನಿಂತ. ಮುಕ್ಕಾಲು ಗಂಟೆ ಹೋಯಿತು. ಗಂಡ ಬೇಲಿಯ ಮೇಲಿಂದ, "ಇನ್ನು ಹದಿನೈದು ನಿಮಿಷ. ಆಮೇಲೆ ನಾನು ಹೊರಟೆ, ನೀನು ಕುರಿ ಕಟ್ಕೊಂಡು ನಡ್ಕೊಂಡು ಬಾ," ಅಂದ. ಅತ್ತೆ ಮಗನ ಕಡೆ ತಿರುಗಿ, "ನೀನು ಅಲ್ಲಿ ನಿಂತು ನೋಡ್ತಿದ್ರೆ ಅದಾದರೂ ಏನು ಮಾಡುತ್ತೆ? ಆಚೆ ಹೋಗೋ," ಅಂದಳು.

ಕೊನೆಗೆ ಆಗಬೇಕಾದ್ದು ಆಯಿತು. ಅಜ್ಜ ಕಣ್ಣಾರೆ ಕಂಡು, ಗಡಿಯಾರದ ರಸೀತಿಯ ಹಿಂದೆ ಬರೆದು ಸಹಿ ಹಾಕಿದ. ಬಸ್ಸು ಶಾಲೆಯ ಗೇಟು ಮುಟ್ಟಿದಾಗ ನಾಲ್ಕಾಗುವುದಕ್ಕೆ ಹತ್ತು ನಿಮಿಷ. ಕುರಿಯನ್ನು ಇಳಿಸಲು ಹೊತ್ತಿರಲಿಲ್ಲ. ಅದು ಮಕ್ಕಳ ಜೊತೆಯೇ ಊರೆಲ್ಲ ಸುತ್ತಿ ಮನೆಗೆ ಬಂತು. ಮರುದಿನ ಹೆಡ್ಮೇಷ್ಟ್ರು ಗಂಡನನ್ನು ಕರೆಸಿ ಬರೆಸಿಕೊಂಡ ವಿವರಣೆಯ ಕಥೆ ಬೇರೆ.

ಐದು ತಿಂಗಳಿಗೆ ಮರಿಗಳು ಬಂದವು. ತೊಳೆದ ಎಂಟರಲ್ಲಿ ಏಳು ಕುರಿಗಳಿಗೆ ಒಂಬತ್ತು ಮರಿ, ಎಲ್ಲ ಬದುಕಿದವು. ಅವುಗಳಲ್ಲಿ ನಾಲ್ಕು ಎಂಥ ಮರಿಗಳು ಅಂತೀರಿ. ಅಗಲ ಎದೆ, ಗಟ್ಟಿ ಕಾಲು. ಹುಲ್ಲಿನ ಮುಂದೆ ನಿಂತು ಕಂಬ ನೋಡುವ ಆ ಗತ್ತು ಸಾಕ್ಷಾತ್ ಅಳಿಯನದೇ. ದಾರಿಹೋಕರೂ ನಿಂತು ನೋಡುತ್ತಿದ್ದರು. ಹನ್ನೊಂದನೆಯ ನಂಬರು ಮಾತ್ರ ಮೂರು ವಾರ ತಡವಾಗಿ ಒಂದೇ ಒಂದು ಹೆಣ್ಣು ಮರಿ ಹಾಕಿತು. ಬೆಕ್ಕಿನ ಗಾತ್ರ, ಮುಂಗಾಲು ಸ್ವಲ್ಪ ಒಳಗೆ ತಿರುಗಿದ್ದು. ತಾಯಿ ಅದನ್ನು ಮೂಸಿ ನೋಡಿ ಒದ್ದು ಹೋಯಿತು. ಅತ್ತೆ ಅದನ್ನು ಅಡಿಗೆಮನೆಗೆ ಎತ್ತಿಕೊಂಡು ಹೋಗಿ ಒಲೆಯ ಹತ್ತಿರ ಪೆಟ್ಟಿಗೆಯಲ್ಲಿಟ್ಟು, ಎರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಹಾಲು ಹಾಕಿದಳು. ಅತ್ತೆಸೊಸೆ ಪಾಳಿ ಹಾಕಿಕೊಂಡರು. ಜೀವ ಹಿಡಿಯಿತು.

ಸಾಹೇಬರು ನೆಗಡಿಯ ಸಮೇತ ಬಂದರು. ಅಜ್ಜನ ಚೀಟಿ ಓದಿ, ಮರಿಯ ತಲೆಯ ಮೇಲೆ ಬೆರಳಿಟ್ಟು ಕೊಂಬಿನ ಮೊಳಕೆ ಎಣಿಸಿದರು. ನಾಲ್ಕಿದ್ದವು. ಬರೆದುಕೊಂಡರು. "ಮಂದೆಯ ಹೆಸರು ಉಳೀತಮ್ಮ."

ಅವಳಿಗೆ ಖುಷಿಯಾಗಬೇಕಿತ್ತು. ಬೇಲಿಯ ಆಚೆ ಆ ನಾಲ್ಕು ಮರಿಗಳು ಒಂದರ ಮೇಲೊಂದು ಹಾರುತ್ತಿದ್ದವು.

"ಸರ್, ಅವನ್ನ ನೋಡಿ. ಆ ಟಗರನ್ನ ನೀವೂ ನೋಡಿದ್ದೀರಿ. ಹೇಳಿ, ಅವು ಯಾರ ಮರಿ?"

ಸಾಹೇಬರು ತುಂಬಾ ಹೊತ್ತು ನೋಡಿದರು. "ನನ್ನನ್ನ ಕೇಳಿದ್ರೆ ಅವನದೇ ಅಂತೀನಿ. ಆದರೆ ಹೋಲಿಕೆಗೆ ಈ ಪುಸ್ತಕದಲ್ಲಿ ಜಾಗ ಇಲ್ಲಮ್ಮ."

"ಮತ್ತೆ ಅವಕ್ಕೆ ಏನಂತ ಬರೀತೀರಿ?"

"ಬರೀ ಕುರಿ ಅಂತ."

"ಬರೀರಿ," ಅಂದಳು ಅವಳು. ಸಾಹೇಬರು ಬರೆಯುವುದನ್ನು ನೋಡುತ್ತಾ ನಿಂತಳು. ಒಳಗಿಂದ ಅತ್ತೆ, ಮರಿ ಬಾಟಲಿ ಒಲ್ಲೆ ಅಂತಿದೆ, ಸ್ವಲ್ಪ ಬಂದು ಹಿಡ್ಕೋ ಅಂತ ಕರೆದಳು. ಅವಳು ಹೋದಳು.